ಚಿನ್ನ ತೆಗೆದ ಗುಂಡಿಗೆ ಏನು ತುಂಬುತ್ತಾರೆ?

ದಕ್ಷಿಣ ಕನ್ನಡದ ಅಳದಂಗಡಿಯ ಮುರಕಲ್ಲು, ಅಡಿಕೆ ತೋಟಗಳಿಗೆ ಒಗ್ಗಿದ ಕಣ್ಣಿಗೆ ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನಲ್ಲಿ ಮೊದಲು ರಾಚುವುದು ಬೋಳು ಗುಡ್ಡಗಳು. ಅವು ದೇವರು ಮಾಡಿದ ಗುಡ್ಡಗಳಲ್ಲ; ನೂರಕ್ಕೂ ಹೆಚ್ಚು ವರ್ಷ ಅದಿರು ಅರೆದು, ಚಿನ್ನ ತೆಗೆದುಕೊಂಡು ಬಿಟ್ಟುಹೋದ ಪುಡಿ. ಊರವರ ಬಾಯಲ್ಲಿ ‘ಸೈನೈಡ್ ದಿಬ್ಬ’. ಜೋರು ಗಾಳಿ ಬಂದರೆ ದಿಬ್ಬವೇ ಅಡುಗೆಮನೆಗೆ ಬರುತ್ತದೆ.

ಇಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಎಳೆದು ತಂದದ್ದು ಈ ಗಣಿಗಳಿಗಾಗಿ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತು ಸುರಂಗಗಳಲ್ಲಿ ನೀರೇರಿತು.

2012ರ ನವೆಂಬರ್‌ನಲ್ಲಿ ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ ಅಣುತ್ಯಾಜ್ಯ ಹೂಳುವ ಜಾಗವಾಗಿ ಕೆಜಿಎಫ್ ಹೆಸರು ಕೇಳಿಬಂತು. ಊರಿಗೆ ಗೊತ್ತಾದದ್ದು ಸುದ್ದಿಯಿಂದ. ಜನ ಬೀದಿಗಿಳಿದರು, ಅಂಥ ಯೋಜನೆಯೇ ಇಲ್ಲವೆಂದು ಕೇಂದ್ರ ಹೇಳಿತು. ಆದರೆ ಹೆಸರು ಸುಮ್ಮನೆ ಬಂದದ್ದಲ್ಲ. ಹಿಂದೆ, 1980ರ ದಶಕದಲ್ಲಿ, ಇಲ್ಲಿನ ಗಣಿಯೊಂದರ ಸುಮಾರು 1000 ಮೀಟರ್ ಆಳದಲ್ಲಿ ಹೀಟರ್ ಇಟ್ಟು, ತ್ಯಾಜ್ಯದ ಕಾವನ್ನು ಬಂಡೆ ಹೇಗೆ ತಾಳೀತು ಎಂದು ವಿಜ್ಞಾನಿಗಳು ಪರೀಕ್ಷಿಸಿದ್ದರು. ಇಟ್ಟದ್ದು ಹೀಟರ್ ಮಾತ್ರ, ತ್ಯಾಜ್ಯವಲ್ಲ. ಅದನ್ನಾದರೂ ಊರಿಗೆ ಮೊದಲೇ ಬಿಡಿಸಿ ಹೇಳಬಹುದಿತ್ತು.

ನಮ್ಮಲ್ಲಿ ಅಣು ಅಪಘಾತಕ್ಕೆ ಸಿದ್ಧತೆ ಎಂದರೆ ಕೈಗಾ ಅಣುಸ್ಥಾವರ ನೆನಪಾಗುತ್ತದೆ: ಸುತ್ತಲ 16 ಕಿ.ಮೀ. ವ್ಯಾಪ್ತಿಯ ಹಳ್ಳಿಗಳ ಪಟ್ಟಿ, ಅಣಕು ಕಾರ್ಯಾಚರಣೆ, ಅಯೋಡಿನ್ ಮಾತ್ರೆ. ತ್ಯಾಜ್ಯದ ಊರಿಗೆ ಈ ಪಾಠ ಪೂರ್ತಿ ಹೊಂದದು. ಮಾತ್ರೆ ತಡೆಯುವ ವಿಕಿರಣ ಅಯೋಡಿನ್ ಎಂಟು ದಿನಕ್ಕೆ ಅರ್ಧವಾಗುತ್ತದೆ. ಹಳೆಯ ತ್ಯಾಜ್ಯದಲ್ಲಿ ಅದು ಉಳಿದಿರುವುದೇ ಇಲ್ಲ. ಉಳಿಯುವ ಸೀಸಿಯಂ, ಸ್ಟ್ರಾನ್ಷಿಯಂ ಅರ್ಧವಾಗಲು ಸುಮಾರು ಮೂವತ್ತು ವರ್ಷ ಬೇಕು, ಪ್ಲುಟೋನಿಯಂಗೆ ಸಾವಿರಾರು. ಹೂತಿಟ್ಟದ್ದು ಹೊರಬರುವುದು ಸೈರನ್ ಕೂಗಿಸಿಕೊಂಡಲ್ಲ, ಬಾವಿಯ ನೀರಿನಲ್ಲಿ, ಮೆಲ್ಲಗೆ. ಪಕ್ಕದಲ್ಲೇ ಬೇತಮಂಗಲದ ಕೆರೆ, ಪಾಲಾರ್ ನದಿ. ಆ ನದಿ ಮುಂದೆ ತಮಿಳುನಾಡಿಗೆ ಹೋಗುತ್ತದೆ.

ನೀರು ತುಂಬಿದ, ಬಂಡೆ ಸಿಡಿತಕ್ಕೆ ಹೆಸರಾದ ಗಣಿ ತ್ಯಾಜ್ಯಕ್ಕೆ ತಕ್ಕ ಜಾಗವಲ್ಲ ಎಂಬುದು ನನ್ನ ತೀರ್ಮಾನ. ನಾಳೆ ಬೇರೆ ಯಾವ ಹಳ್ಳಿಯ ಹೆಸರು ಬಂದರೂ ಅಲ್ಲಿನ ಪಂಚಾಯಿತಿ ಮೊದಲು ಒಂದು ಕೆಲಸ ಮಾಡಿಸಲಿ: ಅಗೆತ ಶುರುವಾಗುವ ಮುಂಚೆ ಪ್ರತಿ ಬಾವಿಯ ನೀರಿನ ವಿಕಿರಣ ಅಳೆಸಿ, ಲೆಕ್ಕವನ್ನು ಕಚೇರಿಯ ಗೋಡೆಗೆ ಅಂಟಿಸಲಿ.