ಗಣೆಯ ದನಿಯಲ್ಲಿ ಅಳಲು

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳದು ಮಳೆ ಕಡಿಮೆಯ ಸೀಮೆ. ಹಾಡಿಗೆ ಮಾತ್ರ ಇಲ್ಲಿ ಬರವಿಲ್ಲ. ಈ ಭಾಗದ ಕಾಡುಗೊಲ್ಲರು ತಮ್ಮ ವೀರ ಜುಂಜಪ್ಪನನ್ನು ಗಣೆಯೆಂಬ ನೀಳವಾದ ಬಿದಿರಿನ ಕೊಳಲಿನೊಡನೆ ಹಾಡುತ್ತ ಬಂದಿದ್ದಾರೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆಯಿದೆ.

ವೀರಭದ್ರನ ಅಂಶವೆಂದು ಭಕ್ತರು ನಂಬುವ ಈ ಗೋಪಾಲಕನಿಗೆ ವಿಷವಿಕ್ಕಿದವರು ಹೊರಗಿನ ಹಗೆಗಳಲ್ಲ, ಸೋದರಮಾವಂದಿರು. ಬಂಧುಗಳೇ ಕೇಡು ಬಗೆಯಬಲ್ಲರೆಂಬ ಕಹಿ ಸತ್ಯವನ್ನು ಹಾಡು ಮುಚ್ಚಿಡುವುದಿಲ್ಲ. ದೈವಾಂಶ ಪುರುಷನಿಗೂ ಸಾವು ತಪ್ಪಲಿಲ್ಲವೆನ್ನುತ್ತದೆ.

ಒಬ್ಬರೇ ಹೊತ್ತರೆ ಎದೆ ಬಿರಿಯುವ ದುಃಖವನ್ನು ಹತ್ತು ಜನ ಕೂಡಿ ಕೇಳಿದಾಗ ತಾಳಿಕೊಳ್ಳಬಹುದು. ಸಾವಿನ ಮನೆಯಲ್ಲಿ ರಾತ್ರಿಯಿಡೀ ಶಿವಭಜನೆ ಮಾಡುವ ನಮಗೂ ಈ ತಿಳಿವು ಹೊಸದಲ್ಲ. ನಮ್ಮ ಮಕ್ಕಳಿಗೆ ಒಮ್ಮೆಯಾದರೂ ಗಣೆಯ ದನಿಯನ್ನು ಕೇಳಿಸೋಣ.