ಯಾವ ಮಣ್ಣಿನಲ್ಲಿ ದುಡಿದ ಟ್ರ್ಯಾಕ್ಟರ್?

ಹಳೆಯ ಟ್ರ್ಯಾಕ್ಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟನೇ ಇಸವಿಯದು, ಎಷ್ಟು ಎಚ್‌ಪಿ, ಕೊನೆಗೆ ಎಷ್ಟಕ್ಕೆ ಬಿಡುತ್ತಾರೆ ಎಂದು. ಕೊಪ್ಪಳ ಜಿಲ್ಲೆಯಲ್ಲಿ ಇದಕ್ಕೆಲ್ಲ ಮುಂಚೆ ಕೇಳಬೇಕಾದ ಮಾತೊಂದಿದೆ: ಇಷ್ಟು ವರ್ಷ ಅದು ದುಡಿದದ್ದು ಎಲ್ಲಿ? ಗಂಗಾವತಿಯ ಕೆಸರಿನಲ್ಲೋ, ಯಲಬುರ್ಗಾದ ಎರೆಯಲ್ಲೋ, ಇಲ್ಲಾ ಟ್ರ್ಯಾಲಿ ಕಟ್ಟಿಕೊಂಡು ರಸ್ತೆಯ ಮೇಲೋ? ಹತ್ತು ವರ್ಷ ಗದ್ದೆಯಲ್ಲಿ ಮುಳುಗೆದ್ದ ಟ್ರ್ಯಾಕ್ಟರಿಗಿಂತ ಇಪ್ಪತ್ತೈದು ವರ್ಷ ಒಣ ಹೊಲ ಕಂಡದ್ದು ಗಟ್ಟಿಯಿರುವುದು ಇಲ್ಲಿ ಅಪರೂಪವೇನಲ್ಲ.

ಜಿಲ್ಲೆ ಒಂದಾದರೂ ಬೇಸಾಯ ಎರಡು. 1945ರಲ್ಲಿ ಕೆಲಸ ಆರಂಭವಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹುಟ್ಟಿ ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನತ್ತ ಹೋಗುತ್ತದೆ. ಕಾಲುವೆಯ ಕೆಳಗೆ ಭತ್ತ, ಮೇಲೆ ಖುಷ್ಕಿ. ಯಲಬುರ್ಗಾ, ಕುಕನೂರು ಕಡೆ ಕರಿ ಎರೆ. ಹಿಂಗಾರಿಗೆ ಬಿಳಿಜೋಳ, ಕಡಲೆ. ಕುಷ್ಟಗಿಯಲ್ಲಿ ಮಸಾರಿಯೇ ಹೆಚ್ಚು. ಸಜ್ಜೆ, ಶೇಂಗಾ, ತೊಗರಿ, ಮೆಕ್ಕೆಜೋಳ, ಬೋರ್‌ವೆಲ್ ಕೈ ಹಿಡಿದ ಕಡೆ ದಾಳಿಂಬೆ. ಕೆಸರು, ಎರೆ, ರಸ್ತೆ ಮೂರೂ ಟ್ರ್ಯಾಕ್ಟರನ್ನು ಸವೆಸುತ್ತವೆ, ಆದರೆ ಒಂದೊಂದು ಒಂದೊಂದು ಜಾಗದಲ್ಲಿ. ಎಲ್ಲಿ ಸವೆದಿರಬಹುದು ಎಂದು ಗೊತ್ತಿದ್ದವನಿಗೆ ಹಳೆಯ ಬಂಡಿಯ ಬಗ್ಗೆ ಅಂಜಿಕೆ ಬೇಕಿಲ್ಲ.

ಮೊದಲು ಕೆಸರಿನ ವಿಷಯ. ನಾಟಿಗೆ ಮುಂಚೆ ಗದ್ದೆಗೆ ನೀರು ನಿಲ್ಲಿಸಿ, ಹಿಂದಿನ ಟೈರಿನ ಜಾಗಕ್ಕೆ ಕಬ್ಬಿಣದ ಕೇಜ್‌ವೀಲ್ ಹಾಕಿ ತಿರುತಿರುಗಿ ಹೊಡೆಯುತ್ತಾರೆ. ಮುಂದಿನ ಗಾಲಿಯ ಹಬ್ ಗಂಟೆಗಟ್ಟಲೆ ಕೆಸರು ನೀರಿನಲ್ಲೇ ಇರುತ್ತದೆ. ಒಳಗಿನ ಸೀಲ್ ಒಮ್ಮೆ ಹರಿಯಿತೆಂದರೆ ಗ್ರೀಸ್ ಹೋಗಿ ಮಣ್ಣು ಕೂರುತ್ತದೆ, ಬೇರಿಂಗ್ ಅರೆದುಕೊಂಡು ಹೋಗುತ್ತದೆ. ಹಳೆಯ ಮಾದರಿಗಳಲ್ಲಿ ಬಹುಪಾಲು ಒಣ ಬ್ರೇಕ್. ಈಗಿನವುಗಳಂತೆ ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಅಲ್ಲ. ನೀರು ಹೊಕ್ಕರೆ ಹಿಡಿತ ತಪ್ಪುತ್ತದೆ. ಹಿಂದಿನ ಆಕ್ಸಲ್ ಸೀಲಿನಿಂದ ನೀರು ಒಳಗಿಳಿದರೆ ಕೆಡುವುದು ಗೇರು ಮಾತ್ರವಲ್ಲ. ಮ್ಯಾಸಿ ಫರ್ಗ್ಯುಸನ್ ಜಾತಿಯ ಟ್ರ್ಯಾಕ್ಟರಿನಲ್ಲಿ ಹೈಡ್ರಾಲಿಕ್ ಪಂಪು ಹಿಂಬದಿಯ ಗೇರೆಣ್ಣೆಯಲ್ಲೇ ಮುಳುಗಿರುತ್ತದೆ. ಎಣ್ಣೆ ಕೆಟ್ಟರೆ ಲಿಫ್ಟ್ ಕೂಡ ಕೆಟ್ಟಂತೆ.

ಗ್ಯಾರೇಜಿನ ಮೇಸ್ತ್ರಿಗಳು ಕೊಳ್ಳುವವರಿಗೆ ಹೇಳುವುದು ಇಷ್ಟೇ: "ಯಜಮಾನ್ರ, ಬಣ್ಣ ನೋಡಬ್ಯಾಡ್ರಿ, ಹಬ್ ಬಿಚ್ಚಿ ನೋಡ್ರಿ." ಬಿಚ್ಚಲು ಮಾರುವವರು ಒಪ್ಪದಿದ್ದರೆ ಮುಂದಿನ ಆಕ್ಸಲ್‌ಗೆ ಜ್ಯಾಕ್ ಕೊಟ್ಟು, ಗಾಲಿಯ ಮೇಲೊಂದು ಕೆಳಗೊಂದು ಕೈಯಿಟ್ಟು ಅಲ್ಲಾಡಿಸಿ. ಕಟಕಟ ಎಂದರೆ ಬೇರಿಂಗ್ ಹೋಗಿದೆ, ಇಲ್ಲವೇ ಕಿಂಗ್‌ಪಿನ್. ಇನ್ನೊಂದು ಪರೀಕ್ಷೆ ಬೆಳಿಗ್ಗೆ, ಇಂಜಿನ್ ಚಾಲೂ ಮಾಡುವ ಮುಂಚೆಯೇ ಆಗಬೇಕು. ಗೇರ್‌ಬಾಕ್ಸಿನ ತಳದ ಡ್ರೇನ್ ಬೋಲ್ಟನ್ನು ಒಂದೆರಡು ಸುತ್ತು ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ರಾತ್ರಿಯೆಲ್ಲ ಕೆಳಗಿಳಿದು ಕೂತಿರುತ್ತದೆ. ಮೊದಲು ನಾಲ್ಕು ಹನಿ ನೀರು ಬಂದರೆ, ಅಥವಾ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಆ ಬಂಡಿಯ ಕಥೆ ಗೊತ್ತಾದಂತೆ. ಅದೇ ಬಂಡಿ ಇಡೀ ದಿನ ಓಡಿದ ಮೇಲೆ ನೋಡಿದರೆ ನೀರು ಬೇರೆಯಾಗಿ ಕಾಣುವುದಿಲ್ಲ.

ಇಷ್ಟಾಗಿಯೂ ಗದ್ದೆಯ ಟ್ರ್ಯಾಕ್ಟರನ್ನು ತೆಗೆದುಕೊಳ್ಳಲೇಬಾರದು ಎಂದಲ್ಲ. ಹಬ್, ಸೀಲ್, ಬ್ರೇಕ್ ಎಲ್ಲ ಬದಲಿಸಬಹುದಾದ ವಸ್ತುಗಳು. ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಬೇಕು, ಅಷ್ಟೇ.

ಎರೆ ಹೊಲದ ಟ್ರ್ಯಾಕ್ಟರಿನ ರೋಗ ಇಂಜಿನ್ನಿನಲ್ಲಿರುತ್ತದೆ. ಬೇಸಿಗೆಯ ಮಾಗಿ ಉಳುಮೆಯಲ್ಲಿ ಏಳುವ ಧೂಳು ಕಣ್ಣಿಗೆ ಕಾಣುತ್ತದೆ. ಲೈನರ್ ಸವೆಸುವ ಧೂಳು ಕಾಣುವುದಿಲ್ಲ. ಹಳೆಯವುಗಳಲ್ಲಿ ಗಾಳಿ ಶೋಧಕದ ತಳದಲ್ಲಿ ಎಣ್ಣೆಯ ಬಟ್ಟಲು ಇರುತ್ತದೆ. ಅದನ್ನು ಬಿಚ್ಚಿ ನೋಡಿದರೆ ಮಾಲೀಕರ ಆರೈಕೆ ತಿಳಿಯುತ್ತದೆ. ಅಂಬಲಿಯಂತೆ ಗಟ್ಟಿಯಾದ ಕೆಸರಿದ್ದರೆ ಎಣ್ಣೆ ಬದಲಿಸಿ ಬಹಳ ಕಾಲವಾಗಿದೆ. ಶೋಧಕದಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಸೀಳಿದ್ದರೆ ಅದಕ್ಕಿಂತ ಕೇಡು, ಧೂಳು ನೇರವಾಗಿ ಸಿಲಿಂಡರಿಗೇ ಹೋಗಿದೆ. ಇಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಬುಸುಬುಸು ಹೊಗೆ ಬಂದರೆ ಪಿಸ್ಟನ್, ರಿಂಗ್, ಲೈನರ್‌ಗಳ ಖರ್ಚು ಕಾದಿದೆ.

ಮೂರನೆಯದು ರಸ್ತೆಯಲ್ಲಿ ಸವೆದದ್ದು. ಇಳಕಲ್ ಗ್ರಾನೈಟ್ ಎಂದು ಹೆಸರಾದ ಕೆಂಪು ಕಲ್ಲಿನ ಗಣಿಗಳು ಕುಷ್ಟಗಿ ತಾಲೂಕಿನಲ್ಲೂ ಇವೆ. ಕಲ್ಲು, ಮರಳು, ಇಟ್ಟಿಗೆ ಹೊತ್ತ ಟ್ರ್ಯಾಕ್ಟರಿನ ಕ್ಲಚ್ಚು, ಬ್ರೇಕು, ಮೇಲಿನ ಗೇರುಗಳು ಸೋತಿರುತ್ತವೆ. ಮಾರುವವರು ಇದನ್ನು ಹೇಳುವುದಿಲ್ಲ, ಟ್ರ್ಯಾಲಿ ಸಿಕ್ಕಿಸುವ ಹುಕ್ಕಿನ ತೂತು ಹೇಳುತ್ತದೆ. ದುಂಡಗಿರಬೇಕಾದ ತೂತು ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿದ್ದರೆ "ಬರೇ ಹೊಲಕ್ಕ ಬಳಸೀವ್ರಿ" ಎಂಬ ಮಾತನ್ನು ನಂಬಬೇಡಿ. ಗಂಟೆಯ ಮೀಟರ್ ಕೆಲಸ ಮಾಡುತ್ತಿದ್ದರೆ ಅದು ಬೋನಸ್. ಬಹಳ ಕಡೆ ಅದು ಸತ್ತು ವರ್ಷಗಳಾಗಿರುತ್ತವೆ.

ಇನ್ನು ನಿಮ್ಮ ಹೊಲಕ್ಕೆ ಯಾವುದು? ಸಣ್ಣ, ಹಳೆಯ ಟ್ರ್ಯಾಕ್ಟರ್ ಎಂದರೆ ಈ ಭಾಗದಲ್ಲಿ ಕಣ್ಣಿಗೆ ಬೀಳುವ ಹೆಸರುಗಳು ಕೆಲವೇ. 1959ರಲ್ಲಿ ಫರೀದಾಬಾದಿನಲ್ಲಿ ದೇಶದ ಮೊದಲ ಟ್ರ್ಯಾಕ್ಟರ್ ತಯಾರಿಸಿದ ಐಷರ್, ಒಂದೇ ಸಿಲಿಂಡರ್, ಗಾಳಿಯಿಂದಲೇ ತಣಿಯುವ ಇಂಜಿನ್, ರೇಡಿಯೇಟರಿನ ಗೊಡವೆಯಿಲ್ಲ. 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಮಹೀಂದ್ರಾ ತಂದ ಬಿ-275. ಚೆನ್ನೈನ ಟಾಫೆಯ ಮ್ಯಾಸಿ 1035. ದುರ್ಗಾಪುರದ ಸರಕಾರಿ ಸಂಶೋಧನಾಲಯದ ವಿನ್ಯಾಸದಿಂದ 1974ರಲ್ಲಿ ಪಂಜಾಬಿನಲ್ಲಿ ತಯಾರಾಗತೊಡಗಿದ ಸ್ವರಾಜ್ 724. ಗಡಿಯಾರದಿಂದ ನಮಗೆಲ್ಲ ಪರಿಚಯವಾದ ಎಚ್‌ಎಂಟಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಝೆಕೊಸ್ಲೊವಾಕಿಯದ ತಂತ್ರದಿಂದ ಮಾಡಿದ ಝೀಟರ್ 2511. ಇದು ಗಟ್ಟಿ ಯಂತ್ರ, ಇಷ್ಟಪಡುವವರೂ ಬಹಳ. ಆದರೆ ಆ ಕಾರಖಾನೆ ಮುಚ್ಚಲು ಕೇಂದ್ರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಬಿಡಿಭಾಗ ಎಲ್ಲಿ ಸಿಗುತ್ತದೆಂದು ಮೊದಲು ವಿಚಾರಿಸಿಕೊಳ್ಳದೆ ಎಚ್‌ಎಂಟಿಗೆ ಮುಂಗಡ ಕೊಡಬಾರದು.

ಇವೆಲ್ಲಕ್ಕಿಂತ ಸಣ್ಣದು ಬೆಂಗಳೂರಿನ ವಿಎಸ್‌ಟಿಯ ಶಕ್ತಿ 180ಡಿ, 18.5 ಎಚ್‌ಪಿ, ನಾಲ್ಕು ಅಡಿಗಿಂತ ಕಡಿಮೆ ಅಗಲ. 1967ರಲ್ಲಿ ಜಪಾನಿನ ಮಿತ್ಸುಬಿಷಿಯೊಂದಿಗೆ ಪವರ್ ಟಿಲ್ಲರ್ ಮಾಡಲು ಹುಟ್ಟಿದ ಸಂಸ್ಥೆ ಅದು. ಕುಷ್ಟಗಿಯ ದಾಳಿಂಬೆ ಸಾಲಿಗೆ, ಆನೆಗೊಂದಿಯ ವಿಜಯನಗರ ಕಾಲದ ಕಾಲುವೆಯ ಬಾಳೆ ತೋಟಕ್ಕೆ ನನ್ನ ಮತ ಇದಕ್ಕೇ. ದೊಡ್ಡ ಟ್ರ್ಯಾಕ್ಟರ್ ಸಾಲಿನಲ್ಲಿ ಹಿಡಿಸುತ್ತದೆ ನಿಜ, ಹಣ್ಣು ಹಿಡಿದ ಟೊಂಗೆಗಳನ್ನು ಮುರಿದುಕೊಂಡು ಹೋಗುತ್ತದೆ.

ಯಲಬುರ್ಗಾದ ಎರೆಗೆ ಇದನ್ನೇ ತೆಗೆದುಕೊಂಡರೆ ಪಶ್ಚಾತ್ತಾಪ ಖಂಡಿತ. ಎರೆ ಜಿಗುಟು, ಎಳೆತ ಹೆಚ್ಚು ಬೇಡುತ್ತದೆ. ಒಂಬತ್ತು ಹಲ್ಲಿನ ಕಲ್ಟಿವೇಟರ್ ಎಳೆಯಲು 35 ಎಚ್‌ಪಿಯಾದರೂ ಬೇಕು. 25 ಎಚ್‌ಪಿಗೆ ಐದು ಹಲ್ಲು ಸಾಕು. ಹಾಗಾದರೆ ಎರೆಯವರೆಲ್ಲ 50 ಎಚ್‌ಪಿ ಕೊಳ್ಳಬೇಕೇ? ಬೇಡ. ಎರೆಯಲ್ಲಿ ಆಳದ ಕೆಲಸ ಬರುವುದು ಕರಿಕೆ ಕೀಳಲು ಪಲ್ಟಿ ಹೊಡೆಸುವಾಗ, ಅದೂ ಕೆಲವು ವರ್ಷಕ್ಕೊಮ್ಮೆ. ಆ ಒಂದು ಕೆಲಸಕ್ಕೆ ದೊಡ್ಡದನ್ನು ಬಾಡಿಗೆಗೆ ಕರೆಸಿ. ರಾಜ್ಯ ಸರಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಇರುವುದು ಇದಕ್ಕಾಗಿಯೇ. ವರ್ಷವೆಲ್ಲ ಬೇಕಾಗುವುದು ಕುಂಟೆ ಹೊಡೆಯುವುದು, ಕೂರಿಗೆ ಹೂಡುವುದು, ಗೊಬ್ಬರ ಸಾಗಿಸುವುದು. ಇದಕ್ಕೆ 25ರಿಂದ 35 ಎಚ್‌ಪಿ ಧಾರಾಳ, ಡೀಸೆಲ್ಲೂ ಗಂಟೆಗೆ ಮೂರು ಲೀಟರಿನ ಆಸುಪಾಸು. ಜೋಳದ ಎಡೆ ಹೊಡೆಯಲು ಈಗಲೂ ಎತ್ತಿನಷ್ಟು ನಯವಾದದ್ದು ಬೇರೆ ಇಲ್ಲ. ಜೋಡೆತ್ತು ಇದ್ದವರು ಟ್ರ್ಯಾಕ್ಟರ್ ಬಂತೆಂದು ಅವನ್ನು ಮಾರುವ ಅವಸರ ಮಾಡಬೇಡಿ.

ಗಂಗಾವತಿಯ ಲೆಕ್ಕ ಬೇರೆ. ಕಾಲುವೆಗೆ ನೀರು ಬಿಟ್ಟ ವಾರ ಎಲ್ಲರಿಗೂ ಒಟ್ಟಿಗೇ ಟ್ರ್ಯಾಕ್ಟರ್ ಬೇಕು, ಬಾಡಿಗೆಯದು ಸರದಿಗೆ ಸಿಗುವಷ್ಟರಲ್ಲಿ ಸಸಿ ಬಲಿತಿರುತ್ತದೆ. ಹಾಗಾಗಿ ಸ್ವಂತದ್ದು ಇರುವುದು ಒಳ್ಳೆಯದು. ಇಲ್ಲಿ ನೋಡಬೇಕಾದ್ದು ಕ್ಲಚ್. ಹಳೆಯ ಒಂಟಿ ಕ್ಲಚ್ಚಿನ ಬಂಡಿಯಲ್ಲಿ ಪೆಡಲ್ ಒತ್ತಿದರೆ ಗಾಲಿಯೊಂದಿಗೆ ರೋಟಾವೇಟರೂ ನಿಲ್ಲುತ್ತದೆ. ಡಬಲ್ ಕ್ಲಚ್ಚಿನಲ್ಲಿ ಅರ್ಧ ಒತ್ತಿದರೆ ಗಾಲಿ ಮಾತ್ರ ನಿಲ್ಲುತ್ತದೆ, ರೋಟಾವೇಟರ್ ತಿರುಗುತ್ತಲೇ ಇದ್ದು ಸುತ್ತಿಕೊಂಡ ಕೂಳೆಯನ್ನು ಬಿಡಿಸಿಕೊಳ್ಳುತ್ತದೆ. ಭತ್ತದ ಗದ್ದೆಗೆ ಒಂಟಿ ಕ್ಲಚ್ಚಿನದು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಸವಳು-ಜವಳು ಹಿಡಿದ ಮೆತ್ತನೆಯ ಭೂಮಿಯಾದರೆ ಹಗುರ ಬಂಡಿಯೇ ಲೇಸು, ಭಾರದ್ದು ಹೂತುಕೊಳ್ಳುತ್ತದೆ.

ನೋಡಲು ಹೋಗುವುದಾದರೆ ಹೇಳದೆ ಹೋಗಿ, ಬೆಳಿಗ್ಗೆ ಬೇಗ ಹೋಗಿ. ಮೊದಲು ಇಂಜಿನ್ ಮುಟ್ಟಿ ನೋಡಿ. ಆಗಲೇ ಬಿಸಿಯಾಗಿದ್ದರೆ ತಣ್ಣಗಿರುವಾಗ ಅದು ಚಾಲೂ ಆಗುವುದಿಲ್ಲವೇನೋ ಎಂದು ಅನುಮಾನಿಸಬೇಕು. ಇಳಿಜಾರಿನಲ್ಲಿ ನಿಲ್ಲಿಸಿದ್ದರೂ ಅಷ್ಟೇ. ಹೊಗೆ ನೀಲಿಯಾಗಿದ್ದರೆ ಎಣ್ಣೆ ಸುಡುತ್ತಿದೆ. ಕಪ್ಪಾಗಿದ್ದರೆ ನಾಝಲ್, ಪಂಪು ಅಥವಾ ಗಾಳಿ ಶೋಧಕ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಸಿಲಿಂಡರಿಗೆ ನೀರು ಇಳಿಯುತ್ತಿರಬಹುದು. ಆಮೇಲೆ ಕಲ್ಟಿವೇಟರ್ ಕಟ್ಟಿ ಎತ್ತಿಸಿ, ಇಂಜಿನ್ ಆರಿಸಿ, ಚಹಾ ಕುಡಿದು ಬನ್ನಿ. ಹಲ್ಲುಗಳು ನೆಲ ಮುಟ್ಟಿದ್ದರೆ ಲಿಫ್ಟಿನಲ್ಲಿ ಸೋರಿಕೆಯಿದೆ. ಸಲಕರಣೆಯನ್ನು ಮೂರು ಕೊಂಡಿಯಲ್ಲಿ ಹಿಡಿದು ಹೈಡ್ರಾಲಿಕ್‌ನಿಂದ ಎತ್ತುವ ಈ ಏರ್ಪಾಡು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ರೂಪಿಸಿದ್ದು. ಹಗುರ ಟ್ರ್ಯಾಕ್ಟರೂ ಭಾರದ ರಂಟೆ ಎಳೆಯುವಂತಾದದ್ದು ಅದರಿಂದ. ಲಿಫ್ಟ್ ಕೆಟ್ಟ ಸಣ್ಣ ಟ್ರ್ಯಾಕ್ಟರಿನಿಂದ ಹೊಲದಲ್ಲಿ ಏನೂ ಆಗದು.

ಹಳೆಯದರ ದೊಡ್ಡ ಗುಣ ರಿಪೇರಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಡೀಸೆಲ್ ಪಂಪಿಗೆ ಗ್ಯಾರೇಜುಗಳಲ್ಲಿ ಇಂದಿಗೂ 'ಮೈಕೊ ಪಂಪು' ಎಂದೇ ಹೆಸರು. ಮೈಕೊ 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂದಾದ ಕಾರಖಾನೆ. ಇನ್ನೊಂದು ಸಂಗತಿ ಇಲ್ಲಿಯ ಹಲವರಿಗೇ ಗೊತ್ತಿಲ್ಲ: ಕೊಪ್ಪಳ ತಾಲೂಕಿನ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್‌ನಲ್ಲಿ ಟ್ರ್ಯಾಕ್ಟರ್ ಇಂಜಿನ್ನಿನ ಬ್ಲಾಕು, ಹೆಡ್ಡುಗಳನ್ನು ಎರಕ ಹೊಯ್ಯುತ್ತಾರೆ.

ಅಪಾಯದ ಮಾತು ಒಂದು. ಹಳೆಯ ಬಂಡಿಗಳಲ್ಲಿ ಸೆಲ್ಫ್ ಕೈಕೊಟ್ಟಾಗ ನೆಲದ ಮೇಲೆ ನಿಂತು ಸ್ಪ್ಯಾನರಿನಿಂದ ಎರಡು ಟರ್ಮಿನಲ್ ಮುಟ್ಟಿಸಿ ಚಾಲೂ ಮಾಡುವ ರೂಢಿಯಿದೆ. ಬಂಡಿ ಗೇರಿನಲ್ಲಿದ್ದರೆ ಹಿಂದಿನ ಗಾಲಿ ನಿಂತವನ ಮೇಲೆಯೇ ಹಾಯುತ್ತದೆ. ಸೆಲ್ಫ್ ರಿಪೇರಿಗೆ ತಗಲುವುದು ಬಹಳವೇನಲ್ಲ, ಮನೆಗೆ ತರುವ ಮುಂಚೆಯೇ ಮಾಡಿಸಿ. ತಿರುಗುವ ಪಿಟಿಒ ಶಾಫ್ಟಿಗೆ ಮುಚ್ಚಳ ಹಾಕಿಸಿ. ಧೋತರದ ಚುಂಗು, ಸೀರೆಯ ಸೆರಗು ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಚೌಕಾಸಿಗೆ ಕೂರುವ ಮುಂಚೆ ಹೊಸದರ ಬೆಲೆ ತಿಳಿದಿರಬೇಕು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ, ಅದರ ಟೈರು ಮತ್ತು ಬಿಡಿಭಾಗಗಳದು ಶೇ. 18ರಿಂದ 5ಕ್ಕೆ ಇಳಿದಿದೆ. ಹೊಸದು ಅಗ್ಗವಾದಷ್ಟೂ ಹಳೆಯದು ಇಳಿಯಬೇಕು, ಮಾರುವವರು ಅದನ್ನು ತಾವಾಗಿ ನೆನಪಿಸುವುದಿಲ್ಲ. ಹಿಂದಿನ ಟೈರು ಎರಡೂ ಬೋಳಾಗಿದ್ದರೆ ಹೊಸ ಜೋಡಿಯ ಬೆಲೆಯನ್ನು ಅಂಗಡಿಯಲ್ಲಿ ಕೇಳಿಕೊಂಡೇ ಕೂತುಕೊಳ್ಳಿ.

ಕಾಗದಪತ್ರದಲ್ಲಿ ಮೊದಲು ನೋಡುವುದು ನಂಬರ್. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ಅದರ ಗುರುತು ಕೆಎ-37. ಕೆಎ-36 ಎಂದಿದ್ದರೆ ರಾಯಚೂರಿನದು, ಜಿಲ್ಲೆ ಒಡೆಯುವ ಮುಂಚಿನದೂ ಆಗಿರಬಹುದು. ಆರ್‌ಸಿಗೆ 15 ವರ್ಷದ ಆಯುಷ್ಯ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನವೀಕರಿಸದೆ ಬಿಟ್ಟ ಬಂಡಿಯ ದಂಡ ಯಾರು ಕಟ್ಟಬೇಕೆಂದು ಮೊದಲೇ ಮಾತಾಗಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ನಮೂನೆ 35 ಬೇಕು. ಬೇರೆ ರಾಜ್ಯದ್ದಾದರೆ ಅಲ್ಲಿಯ ಆರ್‌ಟಿಒ ಕೊಟ್ಟ ನಮೂನೆ 28ರ ನಿರಾಕ್ಷೇಪಣೆ. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30, ಎರಡಕ್ಕೂ ಮಾರುವವರ ಸಹಿ. "ಸಹಿ ಆಮ್ಯಾಲೆ ಮಾಡೂಣಂತ ಬಿಡ್ರಿ" ಎಂದರೆ ಬಾಕಿ ಹಣವನ್ನೂ ಆಮೇಲೆಯೇ ಕೊಡಿ.