ಮುಧೋಳದ ಮರಿಗೆ ವಾಂತಿ-ಭೇದಿ ಹತ್ತಿದರೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಗೆ ಕಬ್ಬು, ಸೀರೆಗಳಂತೆಯೇ ಹೆಸರು ತಂದದ್ದು ಮುಧೋಳ ನಾಯಿ. ಘೋರ್ಪಡೆ ಅರಸರ ಆಸರೆಯಲ್ಲಿ ಬೆಳೆದ ಈ ಬೇಟೆನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ದೊಡ್ಡದಾದ ಮೇಲೆ ಗಾಳಿಯಂತೆ ಓಡುವ ಈ ನಾಯಿ ಮರಿಯಾಗಿದ್ದಾಗ ಮಾತ್ರ ಬಲು ನಾಜೂಕು.

ಮರಿಗಳಿಗೆ ಹೊಟ್ಟೆ ಕೆಡಲು ಜಂತುಹುಳು, ಹಳಸಿದ ಅನ್ನ, ಹೆಚ್ಚಾದ ಹಾಲು ಹೀಗೆ ಹಲವು ಕಾರಣಗಳಿವೆ. ಎಲ್ಲಕ್ಕಿಂತ ಘೋರವಾದದ್ದು ಪಾರ್ವೊ ವೈರಸ್. 1978ರ ಸುಮಾರಿಗೆ ಗುರುತಿಸಲಾದ ಈ ರೋಗ ಆರು ವಾರದಿಂದ ಆರು ತಿಂಗಳೊಳಗಿನ ಮರಿಗಳನ್ನು ಹೆಚ್ಚಾಗಿ ಕಾಡುತ್ತದೆ. ವೈರಸ್ ಕರುಳಿನ ಒಳಪದರವನ್ನೇ ಹಾಳುಗೆಡವುತ್ತದೆ. ರಕ್ತದ ಬಿಳಿಕಣಗಳೂ ಕುಸಿಯುತ್ತವೆ. ಮರಿ ಮಂಕಾಗಿ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಬಳಿಕ ದುರ್ವಾಸನೆಯ ರಕ್ತಭೇದಿ ಶುರುವಾಗುತ್ತದೆ.

ಮರಿ ಸಾಯುವುದು ಬಹುಮಟ್ಟಿಗೆ ನೀರಿನಂಶ ಬತ್ತಿ, ಸೋಂಕು ರಕ್ತಕ್ಕೇರಿ. ಒಸಡು ಒಣಗಿ ಅಂಟಂಟಾಗಿದ್ದರೆ, ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟಾಗ ಕೂಡಲೇ ಕೆಳಗಿಳಿಯದಿದ್ದರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಬೇಕು. ವೈರಸ್ಸನ್ನೇ ಕೊಲ್ಲುವ ಸಾಮಾನ್ಯ ಔಷಧಿ ಇಲ್ಲ. ಸಲೈನ್, ವಾಂತಿ ನಿಲ್ಲಿಸುವ ಚುಚ್ಚುಮದ್ದು, ಆಂಟಿಬಯಾಟಿಕ್‌ಗಳಿಂದ ಜೀವ ಹಿಡಿದಿಟ್ಟರೆ ದೇಹವೇ ರೋಗವನ್ನು ಗೆಲ್ಲುತ್ತದೆ. ಸಕಾಲಕ್ಕೆ ಚಿಕಿತ್ಸೆ ಸಿಕ್ಕ ಮರಿಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ಸಿಗದವು ಬಹುಪಾಲು ಸಾಯುತ್ತವೆ.

ಮನೆಯಲ್ಲಿ ಮಾಡಬಾರದ್ದು: ವಾಂತಿ ಮಾಡುತ್ತಿರುವ ಮರಿಯ ಬಾಯಿಗೆ ಹಾಲು, ನೀರು ಸುರಿಯಬೇಡಿ; ಶ್ವಾಸಕೋಶಕ್ಕೆ ಇಳಿದೀತು. ಮನುಷ್ಯರ ನೋವಿನ ಮಾತ್ರೆ, ಭೇದಿ ಕಟ್ಟುವ ಮಾತ್ರೆ ಕೊಡಬೇಡಿ.

ಮಾಡಬೇಕಾದ್ದು: ಮರಿಯನ್ನು ಬೆಚ್ಚಗಿಡಿ, ಬೇರೆ ನಾಯಿಗಳಿಂದ ದೂರವಿಡಿ. ವಾಂತಿ ನಿಂತ ಮೇಲೆ ವೈದ್ಯರನ್ನು ಕೇಳಿ ಮೆತ್ತಗಿನ ಅನ್ನ, ಬೇಯಿಸಿದ ಕೋಳಿಮಾಂಸವನ್ನು ಸ್ವಲ್ಪಸ್ವಲ್ಪವೇ, ದಿನಕ್ಕೆ ನಾಲ್ಕೈದು ಬಾರಿ ಕೊಡಿ. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಚಪ್ಪಲಿ, ಬಟ್ಟೆಗೂ ಅಂಟಿ ಬರುತ್ತದೆ. ಹೊಲಸನ್ನು ತೆಗೆದು, 30 ಪಾಲು ನೀರಿಗೆ ಒಂದು ಪಾಲು ಬ್ಲೀಚ್ ದ್ರಾವಣ ಬೆರೆಸಿ ನೆಲ ಒರೆಸಿ.

ನಾಯಿಯ ಪಾರ್ವೊ ಮನುಷ್ಯರಿಗೆ ಅಂಟದು. ಆದರೆ ಮರಿಯ ಜಂತುಹುಳು ಮಕ್ಕಳಿಗೆ ತಗಲಬಹುದು. ಆದ್ದರಿಂದ ಮರಿಯನ್ನು ಮುಟ್ಟಿದ ಮೇಲೆ ಮಕ್ಕಳು ಸಾಬೂನಿನಿಂದ ಕೈ ತೊಳೆಯಲೇಬೇಕು.

ಇಷ್ಟೆಲ್ಲ ಕಷ್ಟವನ್ನು ತಪ್ಪಿಸಲು ಲಸಿಕೆಯಿದೆ. ಆರರಿಂದ ಎಂಟನೆಯ ವಾರದಲ್ಲಿ ಮೊದಲನೆಯದು, ಅನಂತರ ಮೂರು-ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ, ಮತ್ತೆ ವರ್ಷದ ಬಳಿಕ ಒಂದು. ತಾಯಿಹಾಲಿನ ರಕ್ಷಣೆ ಇರುವಾಗ ಲಸಿಕೆ ಪೂರ್ಣ ನಾಟದು. ಅದಕ್ಕೇ ಒಂದೇ ಚುಚ್ಚುಮದ್ದಿಗೆ ನಿಲ್ಲಿಸಬಾರದು. ಮಕ್ಕಳು ಮರಿ ಬೇಕೆಂದು ಹಟ ಹಿಡಿದರೆ, ಲಸಿಕೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಹೊಣೆಯನ್ನು ಅವರಿಗೇ ವಹಿಸಿ.